ನಾರಣಪ್ಪ ಜ್ವರ ತಂದದ್ದು ಶಿವಮೊಗ್ಗೆಯಿಂದ

ಭದ್ರಾವತಿಯ ಹೊಸಮನೆಯಲ್ಲಿ ನಮ್ಮ ಎದುರುಮನೆಯ ಹಿರಿಯರು ಕಾಗದದ ಕಾರ್ಖಾನೆಯಲ್ಲಿ ಮೂವತ್ತಾರು ವರ್ಷ ದುಡಿದವರು. ಅವರ ಕೈಗೆ ಪುಸ್ತಕ ಕೊಟ್ಟರೆ ಮೊದಲು ಓದುವುದಿಲ್ಲ. ಹಾಳೆಯ ಮೂಲೆಯನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಡಿದು ಉಜ್ಜುತ್ತಾರೆ. ಇದು ಬಿದಿರಿನ ತಿರುಳು, ಇದು ನೀಲಗಿರಿ, ಇದರಲ್ಲಿ ಕಬ್ಬಿನ ಸಿಪ್ಪೆ ಸೇರಿದೆ ಅನ್ನುತ್ತಾರೆ. ನಿಜವೋ ಸುಳ್ಳೋ ಪರೀಕ್ಷಿಸುವಷ್ಟು ವಿದ್ಯೆ ನನಗಿಲ್ಲ. ಅವರ ತಮ್ಮನ ಮಗಳು ಶಂಕರಘಟ್ಟದಲ್ಲಿ, ಕುವೆಂಪು ವಿಶ್ವವಿದ್ಯಾಲಯದಲ್ಲಿ, ಕನ್ನಡ ಎಂ.ಎ. ಓದುತ್ತಿದ್ದಾಳೆ. ಇವರ ಮನೆಯಲ್ಲೇ ಇದ್ದಾಳೆ.

ಆಷಾಢದ ಒಂದು ಸಂಜೆ ಅವರ ಕೊಡೆ ವಾಪಸ್ ಕೊಡಲು ಹೋದೆ. ಕೊಟ್ಟ ಮೇಲೆ ಮಳೆ ಹಿಡಿಯಿತು. ಕೊಟ್ಟ ಕೊಡೆಯನ್ನೇ ಮತ್ತೆ ಕೇಳಲು ನಾಚಿಕೆಯಾಗಿ ಜಗಲಿಯಲ್ಲಿ ಕೂತೆ. ಹುಡುಗಿ ಒಳಗಿನಿಂದ ‘ಸಂಸ್ಕಾರ’ ಕಾದಂಬರಿ ತಂದು ಸ್ಟೂಲಿನ ಮೇಲೆ ಹಾಕಿದಳು. ಇಟ್ಟಳು ಅನ್ನಲಾರೆ.

ಹುಡುಗಿ: ಗುರುವಾರ ಇದರ ಮೇಲೆ ಸೆಮಿನಾರ್ ಕೊಡ್ಬೇಕು ದೊಡ್ಡಪ್ಪ. ಮೂರನೇ ಸಲ ಓದಿದೆ. ಇಡೀ ಪುಸ್ತಕದಲ್ಲಿ ನೆಟ್ಟಗಿರೋ ಗಂಡಸು ಒಬ್ಬನೂ ಇಲ್ಲ.

ದೊಡ್ಡಪ್ಪ: ಇಲ್ಲ. ಅದಕ್ಕೇನೀಗ?

ಹುಡುಗಿ: ಅದಕ್ಕೇನೀಗ ಅಂದ್ರೆ? ಅಗ್ರಹಾರದಲ್ಲಿ ಹೆಣ ಬಿದ್ದಿದೆ. ಯಾರು ಸುಡಬೇಕು ಅಂತ ಇವರು ಶಾಸ್ತ್ರ ಹುಡುಕ್ತಾ ಕೂತಿದಾರೆ. ಸತ್ತವನ ಜೊತೆಗಿದ್ದ ಚಂದ್ರಿ ಮೈಮೇಲಿನ ಚಿನ್ನ ಬಿಚ್ಚಿ ಮುಂದಿಟ್ಟ ಕೂಡ್ಲೇ ನಾ ಮುಂದು ತಾ ಮುಂದು. ಹೆಣ ಇರೋವಾಗ ಊರಲ್ಲಿ ಊಟ ಮಾಡೋ ಹಾಗಿಲ್ಲ ಅಂತ ದಾಸಾಚಾರ್ಯ ಪಾರಿಜಾತಪುರಕ್ಕೆ ಹೋಗಿ ಸ್ಮಾರ್ತರ ಮನೇಲಿ ಉಪ್ಪಿಟ್ಟು ತಿಂತಾನೆ. ದುರ್ಗಾಭಟ್ಟನ ಕಣ್ಣು ಎಲ್ಲಿದೆ ಅಂತ ಹೇಳೋದೇ ಬೇಡ. ಶ್ರೀಪತಿ ಹೆಂಡತೀನ ಬಿಟ್ಟು ಬೆಳ್ಳಿ ಹಿಂದೆ. ಇಷ್ಟೂ ಜನಕ್ಕೆ ಗುರು ಅನ್ನಿಸಿಕೊಂಡ ಪ್ರಾಣೇಶಾಚಾರ್ಯ ದೇವರ ಅಪ್ಪಣೆ ಕೇಳೋಕೆ ಮಾರುತಿ ಗುಡಿಗೆ ಹೋಗಿ, ಬರೋವಾಗ ಕಾಡಲ್ಲಿ ಚಂದ್ರಿ ಜೊತೆ. ಇದನ್ನ ನೀವು ಮೆಚ್ಚಿಕೊಂಡು ಬೈಂಡ್ ಮಾಡಿಸಿ ಇಟ್ಟಿದೀರಿ.

ದೊಡ್ಡಪ್ಪ: ನಾರಣಪ್ಪನ್ನ ಬಿಟ್ಟೆ.

ಹುಡುಗಿ: ಅವನು ಸತ್ತಿದಾನಲ್ಲ. ಹೆಣ ಅವನದೇ.

ದೊಡ್ಡಪ್ಪ: ಸತ್ತವನೇ ಕಣೇ ಕತೆ ನಡೆಸೋದು. ಸಾಲಿಗ್ರಾಮ ಹೊಳೆಗೆ ಎಸೆದವನು, ಗಣಪತಿ ಹೊಂಡದ ಮೀನು ಹಿಡಿದವನು, ಗರುಡಾಚಾರ್ಯನ ಮಗನ ತಲೆಕೆಡಿಸಿ ಮಿಲಿಟರಿಗೆ ಓಡಿಸಿದವನು. ಸರಿ, ಅವನಿಗೆ ಜ್ವರ ಹತ್ತಿದ್ದು ಎಲ್ಲಿ ಹೇಳು ನೋಡೋಣ.

ಹುಡುಗಿ: ಶಿವಮೊಗ್ಗೇಲಿ. ಅಲ್ಲಿಂದ ಬಂದು ಮಲಗಿದವನು ಏಳಲಿಲ್ಲ.

ದೊಡ್ಡಪ್ಪ: ನಮ್ಮ ಶಿವಮೊಗ್ಗೇಲೇ! (ಇದನ್ನು ಊರಿಗೆ ಸಿಕ್ಕ ಬಿರುದು ಎಂಬಂತೆ ಹೇಳಿ ನನ್ನ ಕಡೆ ನೋಡಿದರು.) ನಾನು ಇದನ್ನ ಮೊದಲು ಓದಿದ್ದು 1971ರಲ್ಲಿ, ಪಿಯುಸಿ ಹುಡುಗ. ಪುಸ್ತಕ ಬಂದಿದ್ದು 1965ರಲ್ಲಿ, ಆದ್ರೆ ನಮ್ಮಂಥೋರ ಕೈಗೆ ಸಿಕ್ಕಿದ್ದು ಸಿನಿಮಾ ಗಲಾಟೆ ಆದ ಮೇಲೆ. ಮದ್ರಾಸಿನ ಸೆನ್ಸಾರಿನವರು ಬೇಡ ಅಂದ್ರು. ಆಮೇಲೆ ಅದಕ್ಕೇ ದೇಶದ ಅತ್ಯುತ್ತಮ ಚಿತ್ರ ಅಂತ ಪ್ರಶಸ್ತಿ ಬಂತು, ಕನ್ನಡಕ್ಕೆ ಮೊದಲನೇದು. ಆಚಾರ್ಯ ಆಗಿ ಕಾರ್ನಾಡರು, ನಾರಣಪ್ಪ ಆಗಿ ಲಂಕೇಶ್. ಲಂಕೇಶ್ ನಮ್ಮ ಕೊನಗವಳ್ಳಿಯವರು ಬೇರೆ. ನಮಗೆ ನಾರಣಪ್ಪನೇ ಹೀರೋ ಆಗಿಬಿಟ್ಟ. ಹಾಸ್ಟೆಲಿನ ಹಿಂದೆ ಕದ್ದು ಬೀಡಿ ಸೇದಿದವನೆಲ್ಲ ತಾನೇ ನಾರಣಪ್ಪ ಅಂದ್ಕೊಂಡಿದ್ದ.

ಹುಡುಗಿ: ಖುಷಿ ಆಯ್ತು ಅನ್ನಿ.

ದೊಡ್ಡಪ್ಪ: ಆಯ್ತು. ಸುಳ್ಳು ಯಾಕೆ ಹೇಳಲಿ.

ಹುಡುಗಿ: ಯಾಕೆ ಆಯ್ತು ಅಂತ ನಾನು ಹೇಳ್ತೀನಿ. ನಾವು ಗೌಡ್ರ ಮನೆಯವರು. ಅದು ಬ್ರಾಹ್ಮಣರ ಅಗ್ರಹಾರ. ಬೇರೆಯವರ ಮನೆ ಹಿತ್ತಲ ಗಲೀಜು ನಮ್ಮ ಜಗಲಿಯಿಂದ ಚೆನ್ನಾಗಿ ಕಾಣ್ಸುತ್ತೆ. ಕುವೆಂಪು ಬರೆದ ‘ಕಾನೂರು ಹೆಗ್ಗಡಿತಿ’ ಓದಿ ಹಾಗೇ ಖುಷಿಪಟ್ರಾ? ಚಂದ್ರಯ್ಯಗೌಡ ನಮ್ಮವನೇ ಅಲ್ವಾ?

ಹಿರಿಯರು ತಕ್ಷಣ ಮಾತಾಡಲಿಲ್ಲ. ಹೆಂಚಿನ ತುದಿಯಿಂದ ನೀರು ಸಾಲುಗಟ್ಟಿ ಬೀಳುತ್ತಿತ್ತು. ಕೆಳಗಿಟ್ಟ ಹಿತ್ತಾಳೆ ಕೊಳಗ ತುಂಬಿ ಹರಿಯುತ್ತಿದ್ದರೂ ಯಾರೂ ಎದ್ದು ಬದಲಿಸಲಿಲ್ಲ.

ದೊಡ್ಡಪ್ಪ: ಅದು 1936ರ ಪುಸ್ತಕ. ನಮ್ಮ ಕಾಗದದ ಕಾರ್ಖಾನೆ ಹುಟ್ಟಿದ ವರ್ಷ. ನಮ್ಮಪ್ಪನಿಗೆ ಓದೋಕೆ ಅಷ್ಟಾಗಿ ಬರ್ತಿರಲಿಲ್ಲ. ತೀರ್ಥಹಳ್ಳಿ ಕಡೆ ನಮ್ಮ ಹಳೇ ಮನೇಲಿ ಮಳೆಗಾಲ ಬಂದ್ರೆ ನನ್ನ ಹತ್ರ ಓದಿಸ್ತಿದ್ರು. ಕುಪ್ಪಳಿಯವರು ನಮ್ಮ ಮನೆ ಮರ್ಯಾದೆ ಬೀದಿಗೆ ತಂದ್ರು ಅಂತ ಬೈತಿದ್ರು, ಮರುವರ್ಷ ಮತ್ತೆ ಓದಿಸ್ತಿದ್ರು. ಬೇಟೆ ಬಂದ ಕಡೆ ಎರಡೆರಡು ಸಲ. ಚಂದ್ರಯ್ಯಗೌಡ ಸುಬ್ಬಮ್ಮನ ಮೇಲೆ ಕೈ ಮಾಡೋ ಕಡೆ ಬಂದ್ರೆ, “ಮುಂದೆ ಹೋಗು” ಅಂತಿದ್ರು.

ಹುಡುಗಿ: ನೀವು ಮುಂದೆ ಹೋಗ್ತಿದ್ರಾ?

ದೊಡ್ಡಪ್ಪ: ಹೋಗ್ತಿದ್ದೆ. ಅಡಿಗೆಮನೇಲಿ ನಮ್ಮವ್ವ ಇರ್ತಿದ್ಲು. ಅವಳಿಗೆ ಕೇಳಿಸುತ್ತೆ ಅಂತ ನಮ್ಮಪ್ಪನಿಗೆ ಭಯ ಇತ್ತೇನೋ. ಈಗ ಅನ್ನಿಸುತ್ತೆ.

ಹುಡುಗಿ: ನೋಡಿ, ಅದೇ ನಾನು ಹೇಳ್ತಿರೋದು. ಬೇಕಾದ್ದನ್ನ ಎರಡು ಸಲ, ಬೇಡವಾದ್ದನ್ನ ದಾಟಿಸಿ. ‘ಮಲೆಗಳಲ್ಲಿ ಮದುಮಗಳು’ ಅಂದ್ರೆ ನಮ್ಮ ಕ್ಲಾಸಲ್ಲಿ ಎಲ್ಲರೂ ಕಾಡು, ಮಳೆ, ಜಿಗಣೆ, ಗುತ್ತಿ ನಾಯಿ ಅಂತ ಕಣ್ಣರಳಿಸ್ತಾರೆ. ಗುತ್ತಿಯಂಥವರನ್ನ ಜೀತಕ್ಕೆ ಇಟ್ಟುಕೊಂಡ ಮನೆಗಳು ಯಾರವು ಅಂತ ಕೇಳಿದ್ರೆ ಕಾಡು ಮೌನ.

ದೊಡ್ಡಪ್ಪ: ಸರಿ, ಒಪ್ಪಿದೆ. ಆದ್ರೆ ನಮ್ಮಪ್ಪ ದಾಟಿಸಿದ ಪುಟ ಅಲ್ಲೇ ಇತ್ತಲ್ಲ? ಅವರು ಸತ್ತ ಮೇಲೆ ನಾನು ಹೋಗಿ ಓದಿದ್ದು ಅದನ್ನೇ. ಕುವೆಂಪು ಚಂದ್ರಯ್ಯಗೌಡನನ್ನ ಒಳ್ಳೆಯವನು ಮಾಡಿ ಬರೆದಿದ್ರೆ ಆ ಪುಟ ಎಲ್ಲಿ ಸಿಗ್ತಿತ್ತು? ನಿನಗೆ ಒಳ್ಳೆಯವರೇ ಬೇಕು ಅಂದ್ರೆ ಪುಸ್ತಕದ ಅಂಗಡೀಲಿ ಬೇಕಾದಷ್ಟು ಮಹಾತ್ಮರ ಚರಿತ್ರೆ ಇದಾವೆ.

ಹುಡುಗಿ: ಒಳ್ಳೆಯವರು ಬೇಕು ಅಂತ ನಾನೆಲ್ಲಿ ಅಂದೆ? ಕೆಟ್ಟವನು ಇದ್ರೆ ತಕರಾರಿಲ್ಲ. ಕೆಟ್ಟವನ ಸಂಕಟಕ್ಕೆ ಮಾತ್ರ ಇಷ್ಟು ಜಾಗ ಯಾಕೆ ಅಂತ ನನ್ನ ಪ್ರಶ್ನೆ. ಆ ರಾತ್ರೀನೇ ತಗೊಳ್ಳಿ. ಆಚಾರ್ಯ ಹಸಿದು, ಸೋತು, ಕತ್ತಲಲ್ಲಿ ಬರ್ತಿದಾನೆ. ಚಂದ್ರೀನೂ ಆ ದಿನ ಊಟ ಕಂಡವಳಲ್ಲ. ಮಡಿಲಲ್ಲಿ ಇಟ್ಟುಕೊಂಡ ಬಾಳೆಹಣ್ಣು ಸುಲಿದು ಅವನಿಗೆ ತಿನ್ನಿಸ್ತಾಳೆ. ಮಿಕ್ಕಿದ್ದೆಲ್ಲ ಆಗುತ್ತೆ. ನಡುರಾತ್ರಿ ಎಚ್ಚರ ಆಗುತ್ತೆ, ತಲೆ ಅವಳ ತೊಡೆ ಮೇಲಿದೆ. ಆಗ ಈ ಮಹಾಜ್ಞಾನಿ ಏನಂತಾನೆ? ನಡೀ, ಎಲ್ಲರಿಗೂ ಹೇಳೋಣ, ನನಗೆ ಧೈರ್ಯ ಬರದಿದ್ರೆ ನೀನೇ ಹೇಳಿಬಿಡು ಅಂತಾನೆ. ಅವಳ ತಲೆ ಮೇಲೆ ಹಾಕಿದ!

ದೊಡ್ಡಪ್ಪ: ಅವಳು ಹೇಳಲ್ಲ.

ಹುಡುಗಿ: ಹೇಳಲ್ಲ. ಅವನ ಮಾನ ಉಳೀಲಿ ಅಂತ ಸುಮ್ಮನೆ ಮನೆಗೆ ಹೋಗ್ತಾಳೆ. ಅಲ್ಲಿ ಹೆಣ ನಾರ್ತಿದೆ. ಗಾಡಿಯವನನ್ನ ಎಬ್ಬಿಸ್ತಾಳೆ, ಅವನು ಹೆದರಿ ಬರಲ್ಲ ಅಂತಾನೆ. ಕೊನೆಗೆ ಮೀನು ವ್ಯಾಪಾರದ ಅಹಮದ್ ಬ್ಯಾರಿ ಗಾಡಿ ಕಟ್ಟಿಕೊಂಡು ಬಂದು, ಇಬ್ಬರೇ ಸೇರಿ ರಾತ್ರೋರಾತ್ರಿ ಸುಟ್ಟು ಮುಗಿಸ್ತಾರೆ. ಶಾಸ್ತ್ರ ಇಲ್ಲ, ಮಂತ್ರ ಇಲ್ಲ. ಇಡೀ ಅಗ್ರಹಾರ ಮಾಡಲಾರದ ಕೆಲಸ ಅಲ್ಲಿಗೆ ಮುಗೀತು. ಬೆಳಗಾದ್ರೆ ಅವಳು ಗಂಟು ಕಟ್ಟಿ ಕುಂದಾಪುರದ ದಾರಿ ಹಿಡೀತಾಳೆ. ಅಷ್ಟೇ. ಪುಸ್ತಕದಿಂದ ಹೊರಗೆ. ಆಮೇಲೆ ಕೊನೆವರೆಗೂ ಆಚಾರ್ಯನ ಕಾಲು, ಆಚಾರ್ಯನ ದಾರಿ, ಆಚಾರ್ಯನ ತಲೆಬಿಸಿ.

ದೊಡ್ಡಪ್ಪ: ಅವನ ತಲೆಬಿಸೀಲೇ ಅಲ್ವೇನೇ ಪುಸ್ತಕ ಇರೋದು? ಅವನು ತನ್ನನ್ನ ತಾನೇ ಕಟಕಟೇಲಿ ನಿಲ್ಲಿಸ್ಕೊಳ್ತಾನೆ.

ಹುಡುಗಿ: ಕಟಕಟೆಯೂ ಅವನದೇ, ವಕೀಲನೂ ಅವನೇ, ಜಡ್ಜೂ ಅವನೇ. ಚಂದ್ರಿ ಸಾಕ್ಷಿಗೂ ಬರಲ್ಲ.

ನನಗೆ ನಗು ಬಂತು. ಹಿರಿಯರಿಗೂ ಬಂತು, ಆದರೆ ತೋರಿಸಿಕೊಳ್ಳಲಿಲ್ಲ. ಪುಸ್ತಕ ಎತ್ತಿಕೊಂಡು ಹಾಳೆ ಉಜ್ಜಿದರು. ಅಂಚು ಚಹಾದ ಬಣ್ಣಕ್ಕೆ ತಿರುಗಿತ್ತು. ಮರದ ಅಂಟು ಪೂರ್ತಿ ತೆಗೆಯದ ತಿರುಳು ಹೀಗೇ ಹಳದಿಯಾಗುತ್ತೆ, ಎಷ್ಟು ಬಿಳಿ ಮಾಡಿದರೂ ಬೆಳಕು ಬಿದ್ದರೆ ಬಣ್ಣ ಹೊರಗೆ ಬರುತ್ತೆ ಎಂದು ನನಗೆ ಹೇಳಿದರು. ಹುಡುಗಿ ಕಣ್ಣು ಮೇಲೆ ಮಾಡಿದಳು. ಈ ಪಾಠ ಅವಳು ಬಹಳ ಸಲ ಕೇಳಿರಬೇಕು.

ದೊಡ್ಡಪ್ಪ: ಇದೇನು ಹೊಸದಾ? ಜನ್ನ 1209ರಲ್ಲೇ ‘ಯಶೋಧರ ಚರಿತೆ’ ಬರೆದ. ರಾಣಿ ಅಮೃತಮತಿ ರಾಜನ ಮಗ್ಗುಲಿನಿಂದ ಎದ್ದು ಮಾವುತನ ಹತ್ರ ಹೋಗ್ತಾಳೆ. ಅಷ್ಟಾವಂಕ ಅಂತ, ನೋಡೋಕೆ ಕುರೂಪಿ. ಹಾಡು ಕೇಳಿ ಮನಸ್ಸು ಕೊಟ್ಟಳು. ಆಮೇಲೆ ಗಂಡನಿಗೂ ಅತ್ತೆಗೂ ವಿಷ ಹಾಕಿದಳು. ಅದನ್ನ ಎಂಟುನೂರು ವರ್ಷದಿಂದ ಓದ್ತಿದೀವಿ. ತಾಳಮದ್ದಳೇಲಿ ನೋಡು, ವಾಲಿ ಅರ್ಥ ಹೇಳೋನು ಗಟ್ಟಿ ಆಸಾಮಿ ಆದ್ರೆ ರಾಮನ ಪಾತ್ರಧಾರಿಗೆ ಬೆವರು ಕಿತ್ಕೊಂಡು ಬರುತ್ತೆ. ಜನ ವಾಲಿಗೆ ಚಪ್ಪಾಳೆ ಹೊಡೀತಾರೆ. ಹಾಗಂತ ತಮ್ಮನ ಹೆಂಡತೀನ ಇಟ್ಟುಕೊಂಡಿದ್ದು ಸರಿ ಅಂತ ಮನೆಗೆ ಹೋಗ್ತಾರಾ?

ಹುಡುಗಿ: ಅಮೃತಮತಿ ಕೊನೆಗೆ ಎಲ್ಲಿಗೆ ಹೋಗ್ತಾಳೆ ದೊಡ್ಡಪ್ಪ?

ದೊಡ್ಡಪ್ಪ: ನರಕಕ್ಕೆ.

ಹುಡುಗಿ: ಪ್ರಾಣೇಶಾಚಾರ್ಯ?

ದೊಡ್ಡಪ್ಪ: ...

ಹುಡುಗಿ: ಮೇಳಿಗೆ ಜಾತ್ರೆಗೆ.

ಈ ಸಲ ಹಿರಿಯರು ಜೋರಾಗಿಯೇ ನಕ್ಕರು. ಕನ್ನಡಕ ತೆಗೆದು ಪಂಚೆಯ ಚುಂಗಿನಿಂದ ಒರೆಸಿಕೊಂಡರು.

ದೊಡ್ಡಪ್ಪ: ಒಳ್ಳೇ ಮಾತು, ಸೆಮಿನಾರಲ್ಲಿ ಹೇಳು. ಆದ್ರೆ ಪೂರ್ತಿ ಹೇಳು. ಆ ಜಾತ್ರೇಲಿ ಅವನು ಹೆಂಡತಿ ಸತ್ತ ಸೂತಕ ಹೊತ್ತುಕೊಂಡು ತಿರುಗ್ತಿದಾನೆ. ಕೋಳಿ ಅಂಕ ನೋಡ್ತಾನೆ. ಪುಟ್ಟ ಅನ್ನೋನು ಅಂಟಿಕೊಂಡಿದಾನೆ, ಬಿಡಿಸ್ಕೊಳ್ಳೋಕೆ ಆಗಲ್ಲ. ದೇವಸ್ಥಾನದ ಪಂಕ್ತೀಲಿ ಸುಳ್ಳು ಹೇಳಿ ಊಟಕ್ಕೆ ಕೂರ್ತಾನೆ, ಗುರುತು ಸಿಕ್ಕಿತು ಅಂದ ಕೂಡ್ಲೇ ಎದ್ದು ಓಡ್ತಾನೆ. ಇಷ್ಟು ವರ್ಷ ಊರಿಗೇ ಮಡಿ ಮೈಲಿಗೆ ಹೇಳಿದವನು ಎಂಜಲು ಕೈಯಲ್ಲಿ ಓಡೋದು ನರಕ ಅಲ್ವಾ? ಬರೆದವನು ಮೇಳಿಗೆಯವನೇ. ಬರ್ಮಿಂಗ್‌ಹ್ಯಾಮಿನ ಚಳೀಲಿ ಕೂತು, ಮೂವತ್ತೆರಡರ ಆಸುಪಾಸಲ್ಲಿ, ತನ್ನೂರಿನ ಜಾತ್ರೆಗೇ ಅವನನ್ನ ತಂದು ನಿಲ್ಲಿಸಿದ.

ಹುಡುಗಿ: ಅಷ್ಟು ದೂರದಿಂದ ಅಗ್ರಹಾರ ಸ್ಪಷ್ಟವಾಗಿ ಕಾಣಿಸ್ತು. ಒಪ್ಪಿದೆ. ಕೇರಿ ಕಾಣಿಸ್ತಾ? ನಾರಣಪ್ಪನ್ನ ಕೊಂದ ಪ್ಲೇಗು ಬೆಳ್ಳಿ ಇರೋ ಕೇರೀಲೂ ಬಂತು. ಅಲ್ಲಿ ಸತ್ತವರ ಗುಡಿಸಲಿಗೇ ಬೆಂಕಿ ಇಡ್ತಾರೆ. ಅದಕ್ಕೆ ಯಾರೂ ತಾಳೆಗರಿ ತೆಗೆಯಲ್ಲ. ಅಗ್ರಹಾರದ ಒಂದು ಹೆಣಕ್ಕೆ ಒಂದು ಕಾದಂಬರಿ, ಕೇರಿ ಹೆಣಕ್ಕೆ ನಾಲ್ಕು ಸಾಲು. ಬೆಳ್ಳಿ ಅಂದ್ರೆ ಪುಸ್ತಕದ ತುಂಬ ಬರೀ ಎದೆ. ಇದನ್ನ ಪಾತ್ರದ ದೋಷ ಅನ್ನಲ್ಲ ನಾನು. ಪಾತ್ರ ಹಾಗೆ ನೋಡಿದ್ರೆ ನೋಡಲಿ. ಬರೆದವರು ಬೇರೆ ಹೇಗೂ ನೋಡಲಿಲ್ವಲ್ಲ?

ದೊಡ್ಡಪ್ಪ: ಆ ನಾಲ್ಕು ಸಾಲು ಹಾಕಿದ್ದೂ ಅವರೇ. ಇಲ್ಲಿ ಒಂದು ಹೆಣಕ್ಕೆ ಇಷ್ಟು ರಾದ್ಧಾಂತ, ಅಲ್ಲಿ ಒಂದು ಬೆಂಕಿಕಡ್ಡಿ. ಎರಡನ್ನೂ ಎದುರುಬದುರು ಇಟ್ಟು ಸುಮ್ಮನಾದರು. ವಿವರಿಸಿ ಭಾಷಣ ಮಾಡಿದ್ರೆ ನೀನೇ ಮೂಗು ಮುರೀತಿದ್ದೆ.

ಹುಡುಗಿ: ಹಾಗೂ ಹೇಳಬಹುದು. ಬರೆಯದೆ ಬಿಟ್ಟಿದ್ದಕ್ಕೆಲ್ಲ ಬೇಕಂತಲೇ ಬಿಟ್ಟರು ಅಂತ ಹೇಳ್ತಾ ಹೋದ್ರೆ ಯಾವ ಲೇಖಕನೂ ತಪ್ಪೇ ಮಾಡಲ್ಲ. ಸರಿ, ಅದೂ ಬಿಡಿ. ನಿಮಗೆ ಈ ಪುಸ್ತಕ ಏನು ಕೊಡ್ತು? ನಾರಣಪ್ಪನ ವಯಸ್ಸು ದಾಟಿತಲ್ಲ ನಿಮಗೆ.

ಇಲ್ಲಿಯವರೆಗೆ ಹಿರಿಯರು ಗೋಡೆಗೆ ಒರಗಿ ಕೂತಿದ್ದರು. ಈಗ ಮುಂದೆ ಬಾಗಿ ರಸ್ತೆಯ ಕಡೆ ನೋಡಿದರು. ಮಳೆಯಲ್ಲಿ ಆಟೋ ಒಂದು ಹೆಡ್‌ಲೈಟ್ ಹಾಕಿಕೊಂಡು ಹೋಯಿತು.

ದೊಡ್ಡಪ್ಪ: 1998ರಲ್ಲಿ, ಇಂಥದೇ ಮಳೆ. ಇದೇ ಬೀದೀಲಿ ಒಬ್ಬ ಸತ್ತ. ಕುಡಿಯೋನು. ಮದುವೆ ಆಗದೇ ಒಬ್ಬಳ ಜೊತೆ ಇದ್ದ. ಜಾತಿ ಬೇರೆ ಬೇರೆ. ಅವನ ಕಡೆಯವರು ಬಂದು ಬಾಗಿಲಲ್ಲೇ ನಿಂತು, ಅವಳು ಹೊರಗೆ ಹೋದ್ರೆ ಎತ್ತುತೀವಿ ಅಂದ್ರಂತೆ. ಅವಳು ಹೋಗಲಿಲ್ಲ. ಅವರು ಹೋದರು. ಮಧ್ಯಾಹ್ನ ಆದ್ರೂ ಬೀದಿಯವರು ಯಾರೂ ಹತ್ತಿರ ಹೋಗಲಿಲ್ಲ. ನನಗೆ ಆವತ್ತು ಎರಡನೇ ಪಾಳಿ. ಶುರುವಾಗೋದು ಎರಡು ಗಂಟೆಗೆ. ನಾನು ಹನ್ನೆರಡಕ್ಕೇ ಡಬ್ಬಿ ಕಟ್ಟಿಸ್ಕೊಂಡು ಹೊರಟೆ.

ಹುಡುಗಿ: ಆ ಮನೆ ಮುಂದೆಯೇ?

ದೊಡ್ಡಪ್ಪ: ಇಲ್ಲ, ಸುತ್ತು ಹಾಕ್ಕೊಂಡು. ಸೈಕಲ್ಲಿನಲ್ಲಿ. ರಾತ್ರಿ ಬರೋವಾಗ ಮನೆಗೆ ಬೀಗ. ಯಾರೋ ಇಬ್ಬರು ಲಾರಿ ಡ್ರೈವರುಗಳು ಬಂದು ಎತ್ತಿದ್ರಂತೆ.

ಹುಡುಗಿ: ಅಷ್ಟು ಹೊತ್ತಿಗೆ ‘ಸಂಸ್ಕಾರ’ ಓದಿದ್ರಾ?

ದೊಡ್ಡಪ್ಪ: ಓದಿದ್ದೆ. ಎರಡು ಸಲ.

ಸ್ವಲ್ಪ ಹೊತ್ತು ಮೂವರೂ ಸುಮ್ಮನಿದ್ದೆವು. ನಾನು ಎದ್ದು ಹೋಗಬಹುದಿತ್ತು. ಮಳೆ ಕಡಿಮೆಯಾಗಿತ್ತು. ಹೋಗಲಿಲ್ಲ.

ಹುಡುಗಿ: ಮತ್ತೆ ಓದಿ ಏನು ಬಂತು ದೊಡ್ಡಪ್ಪ? ಬೇಜಾರು ಮಾಡ್ಕೋಬೇಡಿ, ಕೇಳಬೇಕು ಅನ್ನಿಸ್ತು.

ದೊಡ್ಡಪ್ಪ: ಕೇಳು. ನಾನೂ ಕೇಳ್ಕೊಂಡಿದೀನಿ. ಕಾರ್ಖಾನೇಲಿ ಊಟದ ಹೊತ್ತಿಗೆ ಡಬ್ಬಿ ತೆಗೆದೆ. ಉಪ್ಪಿಟ್ಟಿರಲಿಲ್ಲ, ಅನ್ನ ಸಾರು. ದಾಸಾಚಾರ್ಯ ನೆನಪಾದ. ಅಲ್ಲೀವರೆಗೆ ಆ ಭಾಗ ಬಂದ್ರೆ ನಗ್ತಿದ್ದೆ, ಈ ಹಾರುವಯ್ಯನ ಹೊಟ್ಟೆ ನೋಡು ಅಂತ. ಆವತ್ತಿಂದ ನಗೋಕೆ ಆಗಿಲ್ಲ. ಪುಸ್ತಕ ಓದಿರದಿದ್ರೂ ನಾನು ಸುತ್ತು ಹಾಕ್ಕೊಂಡೇ ಹೋಗ್ತಿದ್ದೆ. ಆದ್ರೆ ಪಾಳಿ ಇತ್ತು, ಹೋದೆ ಅಂತ ಮರೆತುಬಿಡ್ತಿದ್ದೆ. ಇದು ಮರೆಯೋಕೆ ಬಿಡಲಿಲ್ಲ. ಎಲ್ಲಾ ಸರಿಯಿರೋ ಆಚಾರ್ಯನ ಕತೆ ಓದಿದ್ರೆ, ಅವನು ದೊಡ್ಡ ಮನುಷ್ಯ, ನಾನು ಸಣ್ಣವನು ಅಂತ ಕೈ ಮುಗಿದು ಮಲಗ್ತಿದ್ದೆ.

ಹುಡುಗಿ: ನಿಮಗೆ ಮರೆಯೋಕೆ ಆಗಲಿಲ್ಲ, ಸರಿ. ಆ ಹೆಂಗಸಿಗೆ ಅದರಿಂದ ಏನಾಯ್ತು? ಆಚಾರ್ಯಂದೂ ಇದೇ ಅಲ್ವಾ. ಅವನಿಗೆ ಜ್ಞಾನ ಬಂತು, ಚಂದ್ರಿಗೆ ದಾರಿಖರ್ಚು.

ದೊಡ್ಡಪ್ಪ: ಏನೂ ಆಗಲಿಲ್ಲ. ನಾನು ಇಲ್ಲಾಂತ ಹೇಳಲ್ಲ.

ಹುಡುಗಿ: ಅವರ ಹೆಸರೇನು?

ದೊಡ್ಡಪ್ಪ: ಗೊತ್ತಿಲ್ಲ.

ಆಗ ಒಳಗಿನಿಂದ ದೊಡ್ಡಮ್ಮ ಬಂದರು. ಒಂದು ಕೈಯಲ್ಲಿ ಮಂಡಕ್ಕಿ ತಟ್ಟೆ, ಇನ್ನೊಂದು ಕೈಯಲ್ಲಿ ಕಾಫಿ. ಇವರು ಕಾದಂಬರಿ ಓದುವವರಲ್ಲ, ಹಿರಿಯರೇ ಹಾಗೆ ಹೇಳುತ್ತಿರುತ್ತಾರೆ. ತಟ್ಟೆ ಸ್ಟೂಲಿನ ಮೇಲೆ ಇಡಲು ಪುಸ್ತಕವನ್ನು ಪಕ್ಕಕ್ಕೆ ಸರಿಸಿದರು.

ದೊಡ್ಡಮ್ಮ: ನನಗೆ ಗೊತ್ತು. ಆವತ್ತು ಬೆಳಿಗ್ಗೆ ಒಂಬತ್ತಕ್ಕೇ ಹಿತ್ತಲ ಬಾಗಿಲಿಂದ ಹೋಗಿ ಗಂಜಿ ಕೊಟ್ಟು ಬಂದಿದ್ದೆ. ನೀವು ಸ್ನಾನಕ್ಕೆ ಹೋಗಿದ್ರಿ.

ದೊಡ್ಡಪ್ಪ: ನನಗೆ ಹೇಳಲೇ ಇಲ್ಲ ನೀನು.

ದೊಡ್ಡಮ್ಮ: ಕೇಳಿದ್ರಾ? ಡಬ್ಬಿ ಕಟ್ಟು ಅಂದ್ರಿ, ಕಟ್ಟಿದೆ.

ಹುಡುಗಿ: ಅವರ ಹೆಸರೇನು ದೊಡ್ಡಮ್ಮ?

ದೊಡ್ಡಮ್ಮ: ನಿನ್ನ ಸೆಮಿನಾರಿಗೆ ಅದು ಬೇಡ ಬಿಡು. ಮಂಡಕ್ಕಿ ಮೆತ್ತಗಾಗುತ್ತೆ, ತಗೊಳ್ಳಿ.

ಕೊಳಗದ ನೀರು ಚೆಲ್ಲಿ ಅದನ್ನು ಮತ್ತೆ ಹೆಂಚಿನ ಕೆಳಗಿಟ್ಟು ಅವರು ಒಳಗೆ ಹೋದರು. ಹುಡುಗಿ ನೋಟ್‌ಬುಕ್ ತೆಗೆದು ಏನೋ ಬರೆದುಕೊಂಡಳು, ಆಮೇಲೆ ಗೀಟು ಹೊಡೆದು ಅಳಿಸಿದಳು. ಹಿರಿಯರು ಮಂಡಕ್ಕಿ ಮುಟ್ಟಲಿಲ್ಲ. ಕಾಫಿ ಕುಡಿದರು.

ದೊಡ್ಡಪ್ಪ: ಸೆಮಿನಾರಲ್ಲಿ ಏನು ಹೇಳ್ತೀಯಾ?

ಹುಡುಗಿ: ಆಚಾರ್ಯನ ಬಗ್ಗೆ ಎಲ್ಲರೂ ಮಾತಾಡ್ತಾರೆ. ನಾನು ಹೆಣ ಸುಟ್ಟ ರಾತ್ರಿ ಬಗ್ಗೆ ಹೇಳ್ತೀನಿ. ಪುಸ್ತಕ ಇಷ್ಟ ಆಯ್ತಾ ಅಂತ ಸರ್ ಕೇಳಿದ್ರೆ ಏನು ಹೇಳೋದು ಅಂತ ಇನ್ನೂ ಗೊತ್ತಿಲ್ಲ.

ದೊಡ್ಡಪ್ಪ: ಮೂರು ಸಲ ಓದಿದೀಯಲ್ಲೇ.

ಹುಡುಗಿ: ಅದೇ ತೊಂದರೆ.

ಕೊಡೆ ಕೇಳದೆಯೇ ತಲೆಗೆ ಟವಲ್ ಹಾಕಿಕೊಂಡು ನಾನು ರಸ್ತೆ ದಾಟಿದೆ. ಚಂದ್ರಿ ಊರು ಬಿಡುವ ಭಾಗ ನಿಜಕ್ಕೂ ಎಷ್ಟು ಸಾಲು ಇದೆ ಎಂದು ಎಣಿಸಿ ನೋಡಬೇಕು ಅನ್ನಿಸಿ ಕಪಾಟು ತೆಗೆದರೆ ನನ್ನ ‘ಸಂಸ್ಕಾರ’ ಅಲ್ಲಿಲ್ಲ. ನೀಲಿ ಶಾಯಿಯಲ್ಲಿ ಮೊದಲ ಪುಟದಲ್ಲಿ ನನ್ನ ಹೆಸರಿದೆ, ಹಿಂದಿನ ರಟ್ಟಿಗೆ ಕಾಫಿ ಕಲೆ. ಒಯ್ದವರು ಇದನ್ನು ಓದುತ್ತಿದ್ದರೆ ದಯವಿಟ್ಟು ತಂದುಕೊಡಿ. ಹೊಸಮನೆಯಲ್ಲಿ ಯಾರನ್ನು ಕೇಳಿದರೂ ಮನೆ ತೋರಿಸುತ್ತಾರೆ.